ತೊಟ್ಟಿಲಲ್ಲಿ ಉಸಿರಾಡಿದ ಕಲ್ಲು

ಆ ಪೆಟ್ಟಿಗೆ ಒಮ್ಮೆಯೂ ಕೂಗಲಿಲ್ಲ. ನನಗೆ ಹೆದರಿಕೆ ಶುರುವಾದದ್ದೇ ಅಲ್ಲಿಂದ. ಮನೆಯವರೆಲ್ಲ ಅದು ಕೂಗುತ್ತಿಲ್ಲವೆಂದು ಹಿಗ್ಗಿ ಹೀರೇಕಾಯಿ ಆಗಿದ್ದರು. ನಾನೊಬ್ಬಳು ಅದು ಯಾಕೆ ಕೂಗುತ್ತಿಲ್ಲವೆಂದು ಒಳಗೊಳಗೇ ಕುದಿಯುತ್ತಿದ್ದೆ.

ಪೆಟ್ಟಿಗೆ ಎಂದರೆ ಊಟದ ಡಬ್ಬಿಯಷ್ಟು ದೊಡ್ಡದು. ಮಾಡಿದವರು ನಮ್ಮ ಮನೆಯವರು, ಅಂದರೆ ನನ್ನ ಗಂಡ. ಅದಕ್ಕೆ ಎರಡು ದೀಪ, ಒಂದು ಹಸಿರು, ಒಂದು ಕೆಂಪು. ಅದರಿಂದ ಹೊರಟ ತೆಳು ತಂತಿ ತೊಟ್ಟಿಲಲ್ಲಿ ಹಾಸಿದ ಬಟ್ಟೆಗೆ ಹೋಗಿ ಸೇರುತ್ತಿತ್ತು. ಬಟ್ಟೆಯ ಮೇಲೆ ನನ್ನ ನಾದಿನಿಯ ಕೂಸು. ಕೂಸು ಉಸಿರಾಡುವವರೆಗೂ ಹಸಿರು ದೀಪ. ಉಸಿರು ನಿಂತರೆ ಕೆಂಪು ದೀಪ, ಜೊತೆಗೆ ಓಣಿಯೆಲ್ಲ ಎದ್ದು ಕೂರುವಂಥ ಕೂಗು. ಯಾರೂ ಮಲಗಿರದಿದ್ದರೆ ಎರಡೂ ದೀಪ ಆರಿರುತ್ತಿದ್ದವು.

ನಾನಾಗ ಬನಹಟ್ಟಿಯ ಸಣ್ಣದೊಂದು ಹೆರಿಗೆ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದೆ. ನಾದಿನಿಯನ್ನು ಮುಧೋಳಕ್ಕೆ ಕೊಟ್ಟಿತ್ತು. ಎರಡು ಸಲ ಬಸಿರಾಗಿ, ಎರಡು ಸಲವೂ ತವರಿನಿಂದ ಬರಿ ಮಡಿಲಲ್ಲಿ ಗಂಡನ ಮನೆಗೆ ಹೋದವಳು. ಮೂರನೆಯದು ತಿಂಗಳು ತುಂಬುವ ಮೊದಲೇ ಹುಟ್ಟಿತು. ಹೆಣ್ಣು. ಜಮಖಂಡಿಯ ಮಕ್ಕಳ ಆಸ್ಪತ್ರೆಯೊಂದರಲ್ಲಿ ಗಾಜಿನ ಪೆಟ್ಟಿಗೆಯೊಳಗಿಟ್ಟು ಬದುಕಿಸಿಕೊಂಡರು. ಹೀಗೆ ಅವಸರದಲ್ಲಿ ಹುಟ್ಟಿದ ಕೂಸುಗಳಿಗೆ ಒಂದು ಕೆಟ್ಟ ಚಾಳಿ ಇರುತ್ತದೆ. ನಿದ್ದೆಯಲ್ಲಿ ಉಸಿರಾಡುವುದನ್ನು ಮರೆಯುತ್ತವೆ. ಜಡ್ಡೇನೂ ಅಲ್ಲ, ಮಿದುಳಿಗೆ ಇನ್ನೂ ರೂಢಿ ಬಿದ್ದಿರುವುದಿಲ್ಲ. ಅಂಗಾಲು ತಟ್ಟಿದರೆ ನೆನಪಾಗಿ ಮತ್ತೆ ಶುರು ಮಾಡುತ್ತವೆ. ತಟ್ಟುವವರು ಇಲ್ಲದಿದ್ದರೆ ಕೆಲವು ತಾವಾಗಿಯೇ ಶುರು ಮಾಡುತ್ತವೆ, ಕೆಲವು ಮಾಡುವುದಿಲ್ಲ.

ಆಸ್ಪತ್ರೆಯಲ್ಲಿ ಪಕ್ಕದ ಗಾಜಿನ ಪೆಟ್ಟಿಗೆಯ ಕೂಸು ತೀರಿಕೊಂಡ ದಿನ ನಮ್ಮ ಅತ್ತೆ ಹಟ ಹಿಡಿದರು. ಮನೆಗೆ ಒಯ್ಯಲೇಬೇಕು ಎಂದರು. ಡಾಕ್ಟರು ನನ್ನನ್ನು ಬದಿಗೆ ಕರೆದು, "ಸಿಸ್ಟರ್, ಈ ಕೂಸು ಮರೆಯೂದು ಕಡಿಮಿ ಆಗೈತಿ, ಪೂರಾ ನಿಂತಿಲ್ಲ. ಇನ್ನೊಂದಿಷ್ಟ ದಿನ ಇಲ್ಲೇ ಇರಲಿ," ಎಂದರು. ಅದನ್ನೇ ನಾನು ಅತ್ತೆಗೆ ಹೇಳಲು ಬಾಯಿ ತೆರೆಯುವಷ್ಟರಲ್ಲಿ ನಮ್ಮ ಮನೆಯವರು ನಡುವೆ ಬಂದರು.

"ಅದಕ್ಯಾಕ ಚಿಂತಿ? ನನ್ನ ಹಾಸು ಐತಲ್ಲ," ಎಂದರು.

ಆ ಮಾತಿನ ಮೇಲೆ ಕೂಸು ಮನೆಗೆ ಬಂತು.

ಹಾಸಿನ, ಅಂದರೆ ಆ ತೊಟ್ಟಿಲ ಬಟ್ಟೆಯ ಕಥೆ ಹೇಳಬೇಕು. ನಮ್ಮ ಮಾವನವರು ಕುರಿ ಮಾರಿ ಮಗ್ಗ ಕೊಂಡವರು. ಬೀರೇಶ್ವರನ ಗುಡಿಗೆ ಹೋಗುವುದನ್ನು ಬಿಡಲಿಲ್ಲ, ಕುರಿಯ ಹಿಂದೆ ಹೋಗುವುದನ್ನು ಬಿಟ್ಟರು. ಅವರ ಮಗ ಮಗ್ಗದ ಮುಂದೆಯೂ ನಿಲ್ಲಲಿಲ್ಲ. ಜಮಖಂಡಿಯ ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಪಾಠ ಹೇಳಿಕೊಂಡು ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದರು. ಸಂಜೆ ಚಹಾ ಕುಡಿದರೋ ಇಲ್ಲವೋ, ಮನೆಯ ಹಿಂದಿನ ಗೋಡೆಗೆ ಹೊಂದಿಕೊಂಡ ಶೆಡ್ಡಿಗೆ ನಡೆದುಬಿಡುತ್ತಿದ್ದರು. ಅಲ್ಲಿ ಪವರ್‌ಲೂಮುಗಳ ಮೂಲೆಗೆ ಅವರದೊಂದು ಹಳೆಯ ಕೈಮಗ್ಗ. ಹತ್ತಿ ನೂಲಿನ ನಡುನಡುವೆ ಬೆಳ್ಳಿ ಲೇಪಿಸಿದ ನೂಲು ಹಾಕಿ ನೇಯುವುದು ಅವರ ಹುಚ್ಚು. ಅತ್ತೆ ಅದನ್ನು ಜರಿಯೆಂದೇ ತಿಳಿದಿದ್ದರು. "ಇಷ್ಟ ಜರಿ ಹಾಕಿ ಒಂದ ಸೀರಿ ನೇದಿದ್ದರ ಹೆಂಡತಿಯರೆ ಉಟಗೋತಿದ್ದಳು," ಎಂದು ಬೈಯುತ್ತಿದ್ದರು. ಆ ಒಂದು ಮಾತಿನಲ್ಲಿ ನಾನು ಅತ್ತೆಯ ಪಕ್ಷ.

ಬೆಳ್ಳಿಯ ನೂಲಿನಲ್ಲಿ ಕರೆಂಟು ಹರಿಯುತ್ತದೆ, ಮೈಗೆ ಗೊತ್ತಾಗದಷ್ಟು ಸಣ್ಣಗೆ. ಮಲಗಿದವರ ಎದೆ ಏರಿ ಇಳಿದಂತೆ ನೂಲು ಒತ್ತಿ ಸಡಿಲಾಗಿ ಕರೆಂಟು ಹೆಚ್ಚು ಕಡಿಮೆ ಆಗುತ್ತದೆ, ಪೆಟ್ಟಿಗೆ ಅದನ್ನು ಓದುತ್ತದೆ. ಮೈಗೆ ತಂತಿ ಅಂಟಿಸುವುದಿಲ್ಲ, ಚುಚ್ಚುವುದಿಲ್ಲ. ಆಸ್ಪತ್ರೆಯ ಮಂಚಕ್ಕೆ ಹಾಸಿದರೆ ಆಯಿತು. ತೊಂದರೆ ಇದ್ದದ್ದು ನೂಲು ಹೋಗಿ ತಂತಿಗೆ ಸೇರುವ ಜಾಗದಲ್ಲಿ. ಬೆಸುಗೆ ಹಾಕಿದರೆ ಒಗೆತಕ್ಕೆ ಮುರಿಯುತ್ತಿತ್ತು. ಅದಕ್ಕೆ ಅವರು ನಮ್ಮ ಕಡೆ ಸೀರೆಯ ಒಡಲಿಗೆ ಸೆರಗನ್ನು ಸೇರಿಸುವ ಕೊಂಡಿಯನ್ನು ತಂದು ಹಚ್ಚಿದರು. ಕುಣಿಕೆಯೊಳಗೆ ಕುಣಿಕೆ, ಗಂಟಿಲ್ಲ, ಬೆಸುಗೆಯಿಲ್ಲ. ಎಷ್ಟು ಒಗೆದರೂ ಬಿಡಲಿಲ್ಲ. ಆ ಜೋಡಣೆಗೆ ಪೇಟೆಂಟ್ ಕೇಳಿ ಬೆಂಗಳೂರಿನ ವಕೀಲರೊಬ್ಬರ ಮೂಲಕ ಅರ್ಜಿ ಹಾಕಿದ್ದರು. ಅರ್ಜಿ ಹೋದ ದಿನ ಬಸ್‌ಸ್ಟ್ಯಾಂಡಿನಿಂದ ಕರದಂಟು ಕಟ್ಟಿಸಿಕೊಂಡು ಬಂದಿದ್ದರು, ಪಾಪ.

ಹಾಸನ್ನು ಪರೀಕ್ಷೆ ಮಾಡಬೇಕೆಂದರೆ ಯಾರಾದರೂ ಅದರ ಮೇಲೆ ಮಲಗಿ ಉಸಿರು ಬಿಗಿಹಿಡಿಯಬೇಕಿತ್ತು. ಮೊದಲ ಸಲ ಮನೆಯಲ್ಲೇ ಇವರು ಹಾಗೆ ಮಲಗಿದ್ದರು. ಪೆಟ್ಟಿಗೆ ಕೂಗುತ್ತದೋ ಇಲ್ಲವೋ ಎಂದು ನೋಡುವ ಮೊದಲೇ ಅತ್ತೆ ಒಳಗೆ ಬಂದು ಮಗನ ರಟ್ಟೆ ಹಿಡಿದು ಎಬ್ಬಿಸಿದರು.

"ಬಾಳಿ ಬದುಕೂ ಮನ್ಯಾಗ ಹೆಣದಾಂಗ ಮಲಗತೀ ಏನಲೇ? ಏಳ ಮ್ಯಾಲ! ಮತ್ತ ಇಂಥಾದ್ದು ನನ್ನ ಕಣ್ಣಿಗೆ ಬೀಳಬಾರದು."

ಅಂದಿನಿಂದ ಆ ಪರೀಕ್ಷೆ ನಮ್ಮ ಮನೆಯಲ್ಲಿ ನಡೆಯಲೇ ಇಲ್ಲ. ಬೀಳಗಿಯಲ್ಲಿ ಇವರ ಗೆಳೆಯರೊಬ್ಬರ ದವಾಖಾನೆ ಇತ್ತು. ರವಿವಾರ ಅಲ್ಲಿಗೆ ಹೋಗಿ ಖಾಲಿ ಮಂಚಕ್ಕೆ ಹಾಸು ಹಾಸಿ, ತಾವೇ ಮಲಗಿ, ಗೆಳೆಯರನ್ನೂ ಮಲಗಿಸಿ ನೋಡಿ ಬರುತ್ತಿದ್ದರು. ಅಲ್ಲಿ ಪ್ರತಿ ಸಲವೂ ಪೆಟ್ಟಿಗೆ ಸರಿಯಾಗಿ ಕೂಗಿತು. ತೊಟ್ಟಿಲು ತೂಗುವಾಗಿನ ಅಲುಗಾಟವನ್ನೂ ಅವರು ಯೋಚಿಸಿದ್ದರು. ಕೂಸು ಮಲಗಿದ ಮೇಲೆ ತೂಗುವುದನ್ನು ನಿಲ್ಲಿಸಿ ಆಮೇಲೆ ಪೆಟ್ಟಿಗೆ ಹಚ್ಚಿರಿ ಎಂದು ತಂಗಿಗೆ ಕಲಿಸಿಕೊಟ್ಟಿದ್ದರು. ಜಾಣರು, ಅದರಲ್ಲಿ ಮಾತಿಲ್ಲ.

ಮನೆಗೆ ಬಂದ ಮೇಲೆ ನಾದಿನಿ ಎಷ್ಟೋ ವಾರಗಳ ನಂತರ ಕಣ್ಣು ತುಂಬ ನಿದ್ದೆ ಮಾಡಿದಳು. ಆಸ್ಪತ್ರೆಯಲ್ಲಿ ಅವಳು ಗಾಜಿಗೆ ಮುಖ ಹಚ್ಚಿಕೊಂಡೇ ಇರುತ್ತಿದ್ದಳು, ಊಟಕ್ಕೆ ಕರೆದರೂ ಹಿಂತಿರುಗಿ ನೋಡುತ್ತಿರಲಿಲ್ಲ. ಈಗ ಹಸಿರು ದೀಪದ ಕಡೆಗೊಮ್ಮೆ ನೋಡಿ ಮಗ್ಗುಲಾದರೆ ತೀರಿತು, ಗೊರಕೆ. ಮುಖಕ್ಕೆ ಕಳೆ ಬಂತು, ಎದೆಯಲ್ಲಿ ಹಾಲು ಬಂತು. ಅತ್ತೆ ಮಗನ ಗದ್ದ ಹಿಡಿದು ಮುದ್ದಿಸಿ, "ಏನರೆ ಅನ್ನು, ನನ್ನ ಮಗನ ಜರಿ ಕೂಸಿನ್ನ ಉಳಿಸ್ತು ನೋಡ," ಎಂದು ಓಣಿಯವರಿಗೆಲ್ಲ ಹೇಳಿಕೊಂಡು ಬಂದರು. ಪೇಟೆಂಟ್ ವಕೀಲರು ಕೇಳಿದ್ದರೆ ಎದೆ ಒಡೆದುಕೊಳ್ಳುತ್ತಿದ್ದರು.

ನನಗೆ ಮಾತ್ರ ಸಮಾಧಾನ ಇರಲಿಲ್ಲ. ಆಸ್ಪತ್ರೆಯ ಯಂತ್ರಗಳ ನಡುವೆ ಬದುಕಿದವಳು ನಾನು. ಅವು ಸುಮ್ಮಸುಮ್ಮನೆ ಕೂಗುತ್ತವೆ. ಕೂಸು ಕಾಲು ಒದ್ದರೆ ಕೂಗುತ್ತವೆ, ತಂತಿ ಜಾರಿದರೆ ಕೂಗುತ್ತವೆ, ಏನೂ ಇಲ್ಲದಿದ್ದರೂ ಕೂಗುತ್ತವೆ. ನಮ್ಮ ಅರ್ಧ ಆಯುಷ್ಯ ಅವುಗಳ ಬಾಯಿ ಮುಚ್ಚಿಸುವುದರಲ್ಲೇ ಕಳೆಯುತ್ತದೆ. ಜಮಖಂಡಿಯಲ್ಲಿ ಇದೇ ಕೂಸು ಬಿಡುವ ದಿನದವರೆಗೂ ಯಂತ್ರವನ್ನು ಕೂಗಿಸಿತ್ತು. ಮನೆಗೆ ಬಂದ ದಿನದಿಂದ ಒಂದು ಗುಟುರೂ ಇಲ್ಲ. ಗಂಡನಿಗೆ ಹೇಳಿದೆ. "ತವರಮನಿ ಹಾಲು, ಸುಧಾರಿಸ್ಯಾಳ. ನಿನಗ ಕೂಗಿದರೂ ತ್ರಾಸ, ಕೂಗದಿದ್ದರೂ ತ್ರಾಸ," ಎಂದು ನಕ್ಕರು. ನನಗೆ ನಗೆ ಬರಲಿಲ್ಲ. ಆ ಹಸಿರು ದೀಪ ನನ್ನ ಕಣ್ಣಿಗೆ ಹಾವಿನ ಕಣ್ಣಿನ ಹಾಗೆ ಕಾಣತೊಡಗಿತ್ತು.

ಇನ್ನು ಕಲ್ಲಿನ ಮಾತು. ನಮ್ಮಲ್ಲಿ ತೊಟ್ಟಿಲನ್ನು ಖಾಲಿ ಬಿಡಬಾರದು ಎನ್ನುತ್ತಾರೆ. ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ಮೊದಲು ಗುಂಡಕಲ್ಲನ್ನು, ಅಂದರೆ ಒರಳಲ್ಲಿ ರುಬ್ಬುವ ದುಂಡು ಕಲ್ಲನ್ನು, ಎಣ್ಣೆ ಸವರಿ, ಕುಂಚಿಗೆ ಎಂಬ ಕೂಸಿನ ಟೊಪ್ಪಿಗೆ ತೊಡಿಸಿ ಮಲಗಿಸುವುದು ಎಲ್ಲರ ಮನೆಯ ಶಾಸ್ತ್ರ. ಕೂಸಿನ ಮೇಲೆ ಬರುವ ಕಣ್ಣು ಕಲ್ಲಿಗೆ ತಾಗಿ ಹೋಗಲಿ ಎಂದು. ಎರಡು ಮೊಮ್ಮಕ್ಕಳನ್ನು ಕಳೆದುಕೊಂಡ ನಮ್ಮ ಅತ್ತೆ ಒಂದು ದಿನಕ್ಕೆ ಬಿಡಲಿಲ್ಲ. ದಿನಾ, ಕೂಸನ್ನು ಎರೆಯಲು ಎತ್ತಿಕೊಂಡ ಕೂಡಲೇ ಅದರ ಜಾಗದಲ್ಲಿ ಕುಂಚಿಗೆ ತೊಟ್ಟ ಕಲ್ಲು. ಆ ಹೊತ್ತಿಗೆ ನಾದಿನಿ ಪೆಟ್ಟಿಗೆಯ ಗುಂಡಿ ಒತ್ತಿ ಆರಿಸಿ ಹೋಗುತ್ತಿದ್ದಳು, ಸೆಲ್ಲು ಉಳಿಯಲಿ ಎಂದು.

ಒಂದು ಮುಂಜಾನೆ ಆರಿಸುವುದನ್ನು ಮರೆತಳು.

ನನಗೆ ಅಂದು ಮಧ್ಯಾಹ್ನದ ಪಾಳಿ. ತೊಟ್ಟಿಲ ಹತ್ತಿರ ಬಿದ್ದಿದ್ದ ಬಟ್ಟೆಗಳನ್ನು ಒಗೆಯಲು ತೆಗೆದುಕೊಳ್ಳಲು ಹೋದೆ. ಬಚ್ಚಲಲ್ಲಿ ಕೂಸು ಬಿಸಿನೀರಿಗೆ ಚೀರುತ್ತಿತ್ತು. ಇಲ್ಲಿ, ನನ್ನ ಮುಂದೆ, ಹಸಿರು ದೀಪ ಉರಿಯುತ್ತಿತ್ತು. ತೊಟ್ಟಿಲಲ್ಲಿ ಕಲ್ಲು ಮಲಗಿತ್ತು. ಪೆಟ್ಟಿಗೆಯ ಪ್ರಕಾರ ಕಲ್ಲು ಉಸಿರಾಡುತ್ತಿತ್ತು.

ತೊಟ್ಟಿಲು ಅಲುಗುತ್ತಿದೆಯೇನೋ ಎಂದು ಹಗ್ಗ ಹಿಡಿದು ನಿಲ್ಲಿಸಿದೆ. ಹಸಿರು. ಕಲ್ಲನ್ನು ಎತ್ತಿದೆ, ದೀಪ ಆರಿತು. ಮತ್ತೆ ಇಟ್ಟೆ, ಹಸಿರು. ಈಗ ಕೂಗುತ್ತದೆ, ಈಗ ಕೂಗುತ್ತದೆ ಎಂದು ಕಾದೆ. ಕೂಗಲಿಲ್ಲ. ಹಾಲಿನ ನೊರೆಯಂಥ ಬಿಳಿ ಕುಂಚಿಗೆಯೊಳಗೆ ಆ ಕಲ್ಲು ಎಣ್ಣೆಯಿಂದ ಮಿಂಚುತ್ತ ತಣ್ಣಗೆ ಬಿದ್ದಿತ್ತು.

ಹಿಂದಿನಿಂದ ಅತ್ತೆ ಬಂದದ್ದು ನನಗೆ ಗೊತ್ತಾಗಲಿಲ್ಲ. ಅವರು ದೀಪ ನೋಡಿದರು, ಕಲ್ಲು ನೋಡಿದರು, ನನ್ನ ತೋಳು ಗಟ್ಟಿಯಾಗಿ ಹಿಡಿದುಕೊಂಡರು.

"ಯಾರ ಅದಾರ ಬೇ ಅದರಾಗ? ಮೊದಲಿನ ಕೂಸು ಬಂದೈತಿ. ಜಾಗಾ ಕೇಳಾಕ ಬಂದೈತಿ."

"ಸುಮ್ಮನಿರ್ರಿ ಅತ್ತಿ!" ಎಂದು ನಾನು ಜೋರು ಮಾಡಿದೆ. "ಯಾರೂ ಬಂದಿಲ್ಲ. ನಿಮ್ಮ ಮಗನ ಪೆಟ್ಟಿಗಿ ಸುಳ್ಳ ಹೇಳಾಕತ್ತೈತಿ." ಹಾಗೆ ಹೇಳಿದೆನೇ ಹೊರತು ನನ್ನ ಮೈಯೂ ಜುಂ ಎಂದಿತ್ತು. ಮೊದಲಿನ ಕೂಸು ಬಂದಿದ್ದರೇ ಒಳ್ಳೆಯದಿತ್ತು ಎಂದು ಆಮೇಲೆ ಎಷ್ಟೋ ಸಲ ಅನಿಸಿದೆ. ದೇವರಿಗೆ ಹರಕೆ ಹೊತ್ತು ಮುಗಿಸಬಹುದಿತ್ತು.

ಕಾಲೇಜಿಗೆ ಫೋನ್ ಮಾಡಿದೆ. ಕಲ್ಲು ಉಸಿರಾಡುತ್ತಿದೆ ಎಂದೆ. ಆ ಕಡೆಯಿಂದ ನಗು ಕೇಳಿತು. "ಎಲ್ಲೋ ನೂಲು ಸಡಲಾಗಿರಬೇಕು, ಸಂಜಿಕೆ ಬಂದ ನೋಡತೇನಿ," ಎಂದರು. "ಸಂಜಿತನಾ ಕೂಸಿನ್ನ ಕಲ್ಲು ಕಾಯತೈತೇನ್ರಿ?" ಎಂದೆ. ಮುಂದಿನ ಬಸ್ಸಿಗೇ ಬಂದರು.

ಬಂದವರು ಹಾಸನ್ನು ಅಂಗುಲ ಅಂಗುಲ ತಡವಿ ನೋಡಿದರು. ಕೊಂಡಿ ಗಟ್ಟಿಯಿತ್ತು. ಸೆಲ್ಲು ಬದಲಿಸಿದರು. ಬೇರೆ ಪೆಟ್ಟಿಗೆ ಹಚ್ಚಿದರು. ಕಲ್ಲು ಉಸಿರಾಡುತ್ತಲೇ ಇತ್ತು. ಅವರ ಹಣೆಯ ಮೇಲೆ ಬೆವರು ಮೂಡಿದ್ದನ್ನು ನೋಡಿ ನನಗೆ ಅಯ್ಯೋ ಎನಿಸಿತು, ಸಿಟ್ಟೂ ಬಂತು. ಹಾಗೆ ನಾವಿಬ್ಬರೂ ತೊಟ್ಟಿಲ ಆಚೆ ಈಚೆ ನಿಂತಿರುವಾಗ ಕರೆಂಟು ಹೋಯಿತು.

ಬನಹಟ್ಟಿಯಲ್ಲಿ ಕರೆಂಟು ಹೋದರೆ ಮೊದಲು ಗೊತ್ತಾಗುವುದು ದೀಪದಿಂದ ಅಲ್ಲ. ಶೆಡ್ಡಿನ ಮಗ್ಗಗಳು ಒಂದೊಂದಾಗಿ ಉಸ್ಸೆಂದು ನಿಲ್ಲುತ್ತವೆ, ಪಕ್ಕದ ಮನೆಯವು ನಿಲ್ಲುತ್ತವೆ, ಓಣಿ ಪೂರಾ ನಿಲ್ಲುತ್ತದೆ. ಹಗಲು ರಾತ್ರಿ ಎನ್ನದೆ ಹುಟ್ಟಿದಾಗಿನಿಂದ ಆ ಸದ್ದಿನೊಳಗೇ ಇರುವವರಿಗೆ ಅದು ಕೇಳುವುದೇ ಇಲ್ಲ, ನಿಂತಾಗ ಮಾತ್ರ ಕಿವಿಗೆ ಬರುತ್ತದೆ. ಸೆಕೆಗೆ ಜನ ಕೂಸುಕುನ್ನಿ ಎತ್ತಿಕೊಂಡು ಹೊರಗೆ ಕಟ್ಟೆಗೆ ಬರುತ್ತಾರೆ. ನಮ್ಮ ಕೂಸೂ ಆ ಹೊತ್ತಿನಲ್ಲೆಲ್ಲ ಯಾರದೋ ತೊಡೆಯ ಮೇಲೆಯೇ ಇರುತ್ತಿತ್ತು, ತೊಟ್ಟಿಲಲ್ಲಿ ಎಂದೂ ಇರಲಿಲ್ಲ. ಅಂದು ತೊಟ್ಟಿಲಲ್ಲಿ ಇದ್ದದ್ದು ಕಲ್ಲು. ಮಗ್ಗದ ಸದ್ದು ಪೂರಾ ಅಡಗಿ ಸ್ವಲ್ಪ ಹೊತ್ತಾಗಿತ್ತು, ಅಷ್ಟೇ. ಕೆಂಪು ದೀಪ ಹತ್ತಿತು. ಪೆಟ್ಟಿಗೆ ಕೂಗಿತು.

ಆ ಕೂಗನ್ನು ನಾವು ಆ ಮನೆಯಲ್ಲಿ ಮೊದಲ ಸಲ ಕೇಳಿದ್ದು ಅಂದೇ.

ಅವರು ಪೆಟ್ಟಿಗೆ ಆರಿಸಲಿಲ್ಲ. ಹಿಂದಿನ ಗೋಡೆಯನ್ನೇ ನೋಡುತ್ತ ನಿಂತರು. ಕರೆಂಟು ತಿರುಗಿ ಬಂತು, ಮಗ್ಗಗಳು ಶುರುವಾದವು, ಕೂಗು ನಿಂತು ಹಸಿರು ಹತ್ತಿತು. ಕಲ್ಲಿಗೆ ಜೀವ ಬಂತು. ತಂಬಿಗೆಯಲ್ಲಿ ನೀರು ತಂದು ಕಲ್ಲಿನ ಪಕ್ಕಕ್ಕಿಟ್ಟರು. ನೀರಿನ ಮೇಲೆ ಸಣ್ಣ ಸಣ್ಣ ಸುತ್ತು ಏಳುತ್ತಲೇ ಇದ್ದವು. ಶೆಡ್ಡಿನ ನಡುಕ ಗೋಡೆಗೆ, ಗೋಡೆಯಿಂದ ತೊಲೆಗೆ, ತೊಲೆಯಿಂದ ಹಗ್ಗಕ್ಕೆ, ಹಗ್ಗದಿಂದ ತೊಟ್ಟಿಲಿಗೆ ಇಳಿಯುತ್ತಿತ್ತು. ತೂಗುವ ಕೈಯನ್ನು ಲೆಕ್ಕ ಹಿಡಿದ ಮನುಷ್ಯನಿಗೆ ತನ್ನ ಊರೇ ಅಲುಗುತ್ತದೆ ಎಂಬುದು ಹೊಳೆದಿರಲಿಲ್ಲ. ಹೊಳೆಯುವುದಾದರೂ ಹೇಗೆ? ನಮಗ್ಯಾರಿಗೆ ಹೊಳೆದಿತ್ತು?

"ಆಕೀಗೆ ಹೇಳಬ್ಯಾಡ್ರಿ," ಎಂದು ಅತ್ತೆ ಪಿಸುಗುಟ್ಟಿದರು. "ಎದ್ಯಾಗಿನ ಹಾಲ ಬತ್ತಿ ಹೋಗತಾವ."

ಹೇಳುವುದೇನೂ ಉಳಿದಿರಲಿಲ್ಲ. ಕೂಸನ್ನು ಎದೆಗವಚಿಕೊಂಡು ನಾದಿನಿ ಬಾಗಿಲಲ್ಲಿ ನಿಂತಿದ್ದಳು. ಕೂಗು ಕೇಳಿ ಓಡಿ ಬಂದವಳು ಎಲ್ಲವನ್ನೂ ನೋಡಿದ್ದಳು.

"ಅಂದರ ಇಷ್ಟ ದಿನಾ ನನ್ನ ಕೂಸಿನ್ನ ಯಾರೂ ಕಾಯ್ದಿಲ್ಲೇನ ಅಣ್ಣಾ?"

ಅಣ್ಣ ಪೆಟ್ಟಿಗೆಯ ಗುಂಡಿ ಒತ್ತಿ ಆರಿಸಿದರು. ಅವಳು ಬೈಯಲಿಲ್ಲ, ಅಳಲಿಲ್ಲ. ಬೈದಿದ್ದರೆ ಎಷ್ಟೋ ಚಲೋ ಇತ್ತು.

ಅಂದು ರಾತ್ರಿ ಪಾಳಿ ಹಾಕಿಕೊಂಡು ಎಚ್ಚರ ಇದ್ದೆವು. ಬೆಳಿಗ್ಗೆ ಎದ್ದವರೇ ಒಂದು ಗಾಡಿ ಮಾಡಿಕೊಂಡು ಕೂಸು, ಹಾಸು, ಪೆಟ್ಟಿಗೆ, ಗುಂಡಕಲ್ಲು ಎಲ್ಲ ತೆಗೆದುಕೊಂಡು ನನ್ನ ತವರಿಗೆ ಹೋದೆವು.

ನಮ್ಮ ತವರಿನ ತೋಟದ ಮನೆ ಚಿಕ್ಕಪಡಸಲಗಿಯ ಈಚೆ, ಕೃಷ್ಣೆಯ ದಂಡೆಗೆ. ರೈತರು ತಾವೇ ಕೂಡಿ ಕಟ್ಟಿದ ಬ್ಯಾರೇಜಿನ ಹಿಂದೆ ನೀರು ಅಲುಗದೆ ಕನ್ನಡಿಯ ಹಾಗೆ ನಿಂತಿರುತ್ತದೆ. ಕುರಿ ಮೇಯಲು ಹೋದರೆ ಅಲ್ಲಿ ಒಂದು ಸದ್ದಿಲ್ಲ. ನಮ್ಮವ್ವ ಕೂಸಿನ ಹಣೆಗೆ ಬೀರಪ್ಪನ ಭಂಡಾರ ಹಚ್ಚಿದಳು, ಹಾಗೇ ಬೆರಳಲ್ಲಿ ಉಳಿದ ಅರಿಶಿಣವನ್ನು ಪೆಟ್ಟಿಗೆಗೂ ಒರೆಸಿದಳು. "ಕಾಯೂದು ಇದೂನೂ ಅಲ್ಲ? ಇದಕ್ಕೂ ಇರಲಿ," ಎಂದಳು. ಹಾಸನ್ನು ಹಗ್ಗದ ಹೊರಸಿನ ಮೇಲೆ ಹಾಸಿ ಮೊದಲು ಕಲ್ಲು ಇಟ್ಟೆವು. ಕೆಂಪು ಹತ್ತಿ ಪೆಟ್ಟಿಗೆ ಕೂಗಿತು. ಸತ್ತದ್ದನ್ನು ಸತ್ತದ್ದು ಎಂದಿತು. ಕೂಸನ್ನು ಮಲಗಿಸಿದೆವು. ಹಸಿರು. ಇಲ್ಲಿ ಪೆಟ್ಟಿಗೆ ನಿಜ ಹೇಳುತ್ತದೆ ಎಂದು ನಾವು ದೊಡ್ಡವರೆಲ್ಲ ಒಟ್ಟಿಗೆ ಉಸಿರು ಬಿಟ್ಟೆವು. ನಮ್ಮವ್ವ ರೊಟ್ಟಿ ಬಡಿಯಲು ಹೋದಳು. ನಮ್ಮ ಮನೆಯವರು ಬೇವಿನ ಗಿಡದ ಕೆಳಗೆ ಟವೆಲ್ ಹಾಸಿ ಅಡ್ಡಾದರು.

ರೊಟ್ಟಿ ಮುರಿದು ಬಾಯಿಗಿಡುವ ಹೊತ್ತಿಗೆ ಪೆಟ್ಟಿಗೆ ಕೂಗಿತು.

ನಾನು ಓಡಿದೆ. ಕೂಸು ಶಾಂತವಾಗಿ ಮಲಗಿತ್ತು. ತುಟಿ ನೇರಳೆಯ ಬಣ್ಣಕ್ಕೆ ತಿರುಗುತ್ತಿತ್ತು. ಅಂಗಾಲು ತಟ್ಟಿದೆ. ಇಲ್ಲ. ಮತ್ತೆ ತಟ್ಟಿದೆ, ಬೆನ್ನು ತಿಕ್ಕಿದೆ. ಆ ಸಣ್ಣ ಎದೆ ಯಾವುದೋ ದೂರದ ಊರಿನಿಂದ ತಿರುಗಿ ಬಂದ ಹಾಗೆ ಎದ್ದು ಕುಸಿಯಿತು. ಅತ್ತಿತು. ಹಸಿರು ಹತ್ತಿತು. ನಾದಿನಿ ಕೈಯಲ್ಲಿದ್ದ ರೊಟ್ಟಿಯ ಚೂರನ್ನು ಹಿಡಿದುಕೊಂಡೇ ನಿಂತಿದ್ದಳು.

ಹೊತ್ತು ಇಳಿಯುವ ಮೊದಲು ಇನ್ನೊಮ್ಮೆ ಕೂಗಿತು. ಗಾಡಿ ಹತ್ತುವಾಗ ಮತ್ತೊಮ್ಮೆ ಉಸಿರು ನಿಂತಿತು, ನನ್ನ ಕೈಯಲ್ಲೇ, ಹಾಸಿಲ್ಲ ಪೆಟ್ಟಿಗೆಯಿಲ್ಲ, ನಾನೇ ನೋಡಿ ತಟ್ಟಿದೆ. ಜಮಖಂಡಿ ಮುಟ್ಟುವವರೆಗೂ ಆ ಅಂಗಾಲಿನಿಂದ ಬೆರಳು ತೆಗೆಯಲಿಲ್ಲ. ನನಗೆ ಗೊತ್ತಿದ್ದ ದೇವರನ್ನೆಲ್ಲ ಬೈದೆ. ಗಂಡನನ್ನೂ ಬೈದೆ, ಬಾಯಿಗೆ ಬಂದ ಹಾಗೆ. ಅವರು ಡ್ರೈವರನ ಪಕ್ಕ ತಲೆ ತಗ್ಗಿಸಿ ಕೂತಿದ್ದರು.

ಆಸ್ಪತ್ರೆಯಲ್ಲಿ ಮತ್ತೆ ಗಾಜಿನ ಪೆಟ್ಟಿಗೆ, ಮತ್ತೆ ತಂತಿ. ಉಸಿರಿಗೆ ಚುರುಕು ಕೊಡುವ ಹನಿ ಶುರು ಮಾಡಿದರು. ಕೆಲವು ದಿನಗಳಲ್ಲಿ ಮರೆಯುವುದು ಕಡಿಮೆಯಾಯಿತು. ಮತ್ತೆ ಮನೆಗೆ ಬಿಡುವ ಮಾತು ಬಂತು. ಆಗ ನಾದಿನಿ, ಅಷ್ಟು ದಿನ ಬಾಯಿ ಬಿಡದಿದ್ದವಳು, ಡಾಕ್ಟರ ಮುಂದೆ ನಿಂತಳು.

"ಡಾಕ್ಟರ್‌ರ, ಬನಹಟ್ಟ್ಯಾಗ ಇದ್ದಷ್ಟ ದಿನ ಆಕಿ ಒಮ್ಮಿ ನೀಲಿ ಆಗಿದ್ದು ನಾ ನೋಡಿಲ್ಲ. ಹಗಲೆಲ್ಲಾ ಮುಂದ ಕುಂತ ಬಟ್ಟಿ ಮಡಚತಿದ್ನಿ, ಮಾರಿ ನೋಡತಿದ್ನಿ. ಹೊಳಿ ದಂಡಿಗಿ ಒಯ್ದ ಮೊದಲನೇ ದಿನಾನ ಮೂರ ಸಲ ಹಿಂಗಾತು. ಆ ಮಗ್ಗದ ನಡುಕಾನ ಆಕಿನ್ನ ಎಬ್ಬಸತಿತ್ತೇನ್ರಿ?"

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಡಾಕ್ಟರು ನಗಲಿಲ್ಲ. ಕನ್ನಡಕ ತೆಗೆದು ಒರೆಸಿಕೊಳ್ಳುತ್ತ ಯೋಚಿಸಿದರು.

"ಇರಬಹುದವ್ವಾ. ಇರಲಿಕ್ಕೂ ಇಲ್ಲ. ನಾವು ಅಂಗಾಲ ತಟ್ಟತೇವಿ, ಅದೂ ಒಂದ ನಮೂನಿ ಅಲುಗಾಟಾನ. ಆದರ ಅಲ್ಲೂ ಉಸರ ನಿಂತಿರಬಹುದು, ಯಾರೂ ನೋಡಿಲ್ಲ ಅಷ್ಟ. ನಾ ಹೂಂ ಅನ್ನಂಗಿಲ್ಲ, ಊಹೂಂ ಅನ್ನಂಗಿಲ್ಲ."

ಹೀಗೆ ನಮ್ಮ ಮುಂದೆ ಎರಡು ಮನೆ ನಿಂತವು. ಒಂದು ಹೊಳೆಯ ದಂಡೆ. ಅಲ್ಲಿ ಪೆಟ್ಟಿಗೆ ನಿಜ ಹೇಳುತ್ತದೆ, ಕೂಸು ಮರೆಯುತ್ತದೆ. ಇನ್ನೊಂದು ಬನಹಟ್ಟಿ. ಅಲ್ಲಿ ಪೆಟ್ಟಿಗೆ ಕುರುಡು, ಕೂಸು ಬಹುಶಃ ಮರೆಯುವುದಿಲ್ಲ. ಬಹುಶಃ. ಆ ಒಂದು ಶಬ್ದಕ್ಕೆ ಕೂಸನ್ನು ಒಪ್ಪಿಸುವುದು ಹೇಗೆ? ನಾನು ಹೊಳೆಯ ದಂಡೆಗೆ ಎಂದು ಜಗಳಕ್ಕೇ ನಿಂತೆ. ಕಾಣದ ಕಡೆ ಕಾಯುವುದಕ್ಕಿಂತ ಕಾಣುವ ಕಡೆ ಹೆದರುವುದು ಲೇಸು ಎಂದೆ. ಅತ್ತೆ ನನ್ನ ಮಾತಿಗೆ ತಲೆ ಆಡಿಸಿದರು. ಎಲ್ಲದಕ್ಕೂ ಉತ್ತರ ಇಟ್ಟುಕೊಂಡಿರುತ್ತಿದ್ದ ನಮ್ಮ ಮನೆಯವರು, "ನನ್ನ ಕೇಳಬ್ಯಾಡ್ರಿ," ಎಂದು ಆಸ್ಪತ್ರೆಯ ಮೆಟ್ಟಿಲಿಗೆ ಹೋಗಿ ಕೂತರು.

"ಬನಹಟ್ಟಿಗೆ," ಎಂದಳು ನಾದಿನಿ. "ಪೆಟ್ಟಿಗಿ ಬ್ಯಾಡ."

"ಹುಚ್ಚಗಿಚ್ಚ ಹಿಡದೈತೇನ ನಿನಗ?" ಎಂದೆ.

"ವೈನಿ, ನಿಮ್ಮ ಪೆಟ್ಟಿಗಿ ಉಸರ ನಿಂತ ಮ್ಯಾಲ ಹೇಳತೈತಿ. ನನಗ ನಿಲ್ಲಲಾರದಂಗ ಇರೂದು ಬೇಕು. ಕಾಯೂದು ನಾ ಕಾಯತೇನಿ."

ಕಾದಳು. ಅದನ್ನು ನೋಡಿದ್ದೇನೆ, ಅದಕ್ಕೇ ಹೇಳುತ್ತೇನೆ, ಅದು ಬದುಕಲ್ಲ. ಶೆಡ್ಡಿನ ಗೋಡೆಗೆ ಬೆನ್ನು ಹಚ್ಚಿ, ಕೂಸನ್ನು ಎದೆಯ ಮೇಲೆ ಮಲಗಿಸಿಕೊಂಡು, ಎರಡು ಬೆರಳು ಅದರ ಮೂಗಿನ ಕೆಳಗಿಟ್ಟು ಕೂರುತ್ತಿದ್ದಳು. ಅವಳು ಕಣ್ಣು ಮುಚ್ಚಿದಾಗ ನಾನೋ ಅತ್ತೆಯೋ ಆ ಬೆರಳಿಟ್ಟು ಕೂರಬೇಕು. ತನ್ನ ಅಣ್ಣನಿಗೆ ಮಾತ್ರ ಆ ಪಾಳಿ ಕೊಡಲಿಲ್ಲ. ಕರೆಂಟು ಹೋದರೆ ಸಾಕು, ಹುಚ್ಚಿಯ ಹಾಗೆ ಎದ್ದು ಓಣಿಗೆ ಬಂದು ಕರೆಂಟು ಬರುವವರೆಗೂ ಅಂಗಾಲು ತಟ್ಟುತ್ತ ಅಡ್ಡಾಡುವಳು. ನಿದ್ದೆಗೆಟ್ಟ ಕೂಸು ಕಿರಿಚಿದರೆ ಅವಳಿಗೆ ಖುಷಿ. ಕಿರಿಚುವವರು ಉಸಿರಾಡುತ್ತಾರಲ್ಲ. ಕೂದಲು ಉದುರಿತು, ಕಣ್ಣು ಗುಳಿ ಬಿದ್ದವು. ಕೂಸು ಮಾತ್ರ ಮೈ ತುಂಬಿಕೊಂಡಿತು. ಇನ್ನು ಭಯವಿಲ್ಲ, ಈ ವಯಸ್ಸಿಗೆ ಆ ಚಾಳಿ ಬಿಟ್ಟುಹೋಗುತ್ತದೆ ಎಂದು ಡಾಕ್ಟರು ಹೇಳಿದ ದಿನ ನಾವೆಲ್ಲ ಪೇಢೆ ತಿಂದೆವು. ಅವಳು ತಿಂದಳು, ಬೆರಳು ತೆಗೆಯಲಿಲ್ಲ.

ಪೇಟೆಂಟ್ ಬಂತು, ಎಷ್ಟೋ ವರ್ಷದ ಮೇಲೆ. ಕೊಂಡಿಯ ಜೋಡಣೆಗೆ ಬಂತು. ಆ ಹೊತ್ತಿಗೆ ಇವರು ಹೊರಗಿನ ನಡುಕವನ್ನು ಬೇರೆ ಮಾಡಿ ಕಳೆಯುವಂತೆ ಪೆಟ್ಟಿಗೆಯನ್ನು ತಿದ್ದಿದ್ದರು. ಕಲ್ಲನ್ನು ಕಲ್ಲು ಎನ್ನುವುದು ಅದಕ್ಕೆ ಈಗ ಬನಹಟ್ಟಿಯಲ್ಲೂ ಬರುತ್ತದೆ. ಕೂಸುಗಳಿಗೆ ಮೆಲ್ಲಗೆ ನಡುಗುವ ಹಾಸಿಗೆಯೊಂದನ್ನು ಮಾಡಿ ಅದಕ್ಕೂ ಅರ್ಜಿ ಹಾಕಿದರೆ ಹೇಗೆ ಎಂಬ ಆಸೆ ಅವರಿಗಿತ್ತು. ತಂಗಿಯ ಮುಂದೆ ಒಮ್ಮೆ ಬಾಯಿ ಬಿಟ್ಟರು. "ಬ್ಯಾರೆ ಕೂಸು ಹುಡುಕ್ಕೋ ಅಣ್ಣಾ," ಎಂದಳು, ಅಷ್ಟೇ. ಮುಂದೆ ಅಂಥದ್ದೇ ವಿಚಾರಕ್ಕೆ ಹೊರದೇಶದ ಯಾರೋ ಪೇಟೆಂಟ್ ಪಡೆದದ್ದನ್ನು ಅವರು ಕಂಪ್ಯೂಟರಿನಲ್ಲಿ ಓದಿದರು. ನನಗೆ ತೋರಿಸಿದರು. ನಾನು ಓದಲಿಲ್ಲ.

ಮೊನ್ನೆ ಮೊನ್ನೆಯವರೆಗೆ ಮುಧೋಳಕ್ಕೆ, ನಾದಿನಿಯ ಮನೆಗೆ ಹೋಗುವುದನ್ನು ನಾನು ಮುಂದೆ ಹಾಕುತ್ತಲೇ ಬಂದಿದ್ದೆ. ಹುಡುಗಿ ಈಗ ಸಾಲಿಗೆ ಹೋಗುತ್ತಾಳೆ, ಓಡುತ್ತಾಳೆ, ಜಗಳಗಂಟಿ, ನನ್ನ ಹಾಗೆ. ಸೂಟಿ ಇತ್ತು, ಹೋದೆ. ಮಧ್ಯಾಹ್ನ ಉಂಡು ಹುಡುಗಿ ಒಳಗಿನ ಕೋಣೆಯಲ್ಲಿ ಮಲಗಿದಳು. ನಾದಿನಿ ನನ್ನ ಜೊತೆ ಮಾತಾಡುತ್ತ ಪಡಸಾಲೆಯಲ್ಲಿ ಮೆಂತ್ಯದ ಸೊಪ್ಪು ಸೋಸುತ್ತಿದ್ದವಳು ನಡುವೆ ಎದ್ದು ಒಳಗೆ ಹೋದಳು. ನನಗೆ ಕೂತಲ್ಲಿಂದಲೇ ಕಂಡಿತು. ಬಗ್ಗಿ ಮಗಳ ಮೂಗಿನ ಕೆಳಗೆ ಎರಡು ಬೆರಳು ಹಿಡಿದಳು.

"ಉಸರಾಡಾಕತ್ತೇನಿ ಬೇ ಯವ್ವಾ," ಎಂದಳು ಹುಡುಗಿ, ಕಣ್ಣು ತೆರೆಯದೆ.

ನಾದಿನಿ ಹೊರಗೆ ಬಂದು ನಾಚಿಕೊಂಡು ನಕ್ಕಳು. "ದಿನಾ ಹಿಂಗ ಚ್ಯಾಷ್ಟಿ ಮಾಡತಾಳ ನೋಡ್ರಿ ವೈನಿ," ಎಂದಳು. ನಾನೂ ನಕ್ಕೆ. ಇಷ್ಟು ವರ್ಷ ಆದ ಮೇಲೂ ಬಿಡಲಿಲ್ಲವಲ್ಲೇ ಎಂದು ಬೈದೆ. ಬೈಸಿಕೊಂಡು, ಹಾಲು ತರುತ್ತೇನೆಂದು ಚೀಲ ಹಿಡಿದು ಅಂಗಡಿಗೆ ಹೋದಳು.

ಮನೆಯಲ್ಲಿ ನಾನು, ಹುಡುಗಿ, ಇಬ್ಬರೇ. ಮೆಂತ್ಯದ ಸೊಪ್ಪು ನನ್ನ ಕೈಯಲ್ಲಿತ್ತು. ಒಳಗಿನಿಂದ ದನಿ ಬಂತು.

"ಉಸರಾಡಾಕತ್ತೇನಿ."

ಎದ್ದು ಹೋಗಿ ನೋಡಿದೆ. ಗಾಢ ನಿದ್ದೆ. ಬಾಯಿ ಅರ್ಧ ತೆರೆದಿತ್ತು, ಕೈ ತಲೆಯ ಮೇಲಿತ್ತು. ಹತ್ತಿರ ಯಾರೂ ಇರಲಿಲ್ಲ, ಮೂಗಿನ ಕೆಳಗೆ ಯಾರ ಬೆರಳೂ ಇರಲಿಲ್ಲ. ನಾನು ಬಾಗಿಲಲ್ಲಿ ನಿಂತೆ. ಸ್ವಲ್ಪ ಹೊತ್ತು ಬಿಟ್ಟು ತುಟಿ ಅಲುಗಿತು.

"ಉಸರಾಡಾಕತ್ತೇನಿ ಬೇ."

ಇನ್ನೂ ಸ್ವಲ್ಪ ಹೊತ್ತು ಬಿಟ್ಟು ಮತ್ತೆ, ಈ ಸಲ ಗಾಬರಿಯಾದವರ ಹಾಗೆ, ಕೇಳುವವರು ಯಾರಾದರೂ ಇದ್ದಾರೋ ಇಲ್ಲವೋ ಎನ್ನುವ ಹಾಗೆ. ನಾನು "ಹೂಂ ನನ್ನವ್ವಾ" ಎನ್ನುವವರೆಗೂ ಅವಳು ಅದನ್ನು ಅನ್ನುತ್ತಲೇ ಇದ್ದಳು.